‘ಎಕ್ಸೀಡ್’ ಎಂಬ ಮಾತಿಗೆ ಕನ್ನಡವೇನು?

(ವಾಚನಾಲಯದ ರವಿವಾರದ ಕೂಟದಲ್ಲಿ ಕಾರ್ಯಕರ್ತರೊಬ್ಬರು ಮಾಡಿದ ಭಾಷಣ)



ಇವತ್ತಿನ ಮಾತಿಗೆ ನಾನು ಆರಿಸಿಕೊಂಡದ್ದು ಒಂದೇ ಒಂದು ಇಂಗ್ಲಿಷ್ ಕ್ರಿಯಾಪದ, ಎಕ್ಸೀಡ್. ಒಂದು ಪದದ ಮೇಲೆ ಅರ್ಧ ತಾಸು ಮಾತಾಡುವುದುಂಟೆ ಎಂದು ತಮಗೆ ಅನಿಸೀತು. ನಾನು ಪಂಡಿತನೂ ಅಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯ ಗುಮಾಸ್ತಿಕೆಗೆ ನಿಂತವನು. ಪರಳ, ಲಾಲಬಾಗಗಳ ಚಿಮಣಿಗಳು ತಣ್ಣಗಾಗಿ ವರ್ಷಗಳೇ ಸಂದವು. ನಾನಿರುವುದು ಭಿವಂಡಿ ಕಡೆಯ ಒಂದು ಸಣ್ಣ ಗಿರಣಿಯ ಹಾಜರಿ ಖಾತೆಯಲ್ಲಿ. ಅಲ್ಲಿ ದಿನಕ್ಕೆ ನಾಲ್ಕು ಸಲವಾದರೂ ಈ ಪದ ನನ್ನ ಮೇಜಿಗೆ ಬರುತ್ತದೆ. ಕೆಲಸದ ಅವಧಿ ಇಷ್ಟು ತಾಸು ಎಕ್ಸೀಡ್ ಆಗಬಾರದು, ಸಂಬಳ ಇಷ್ಟು ರೂಪಾಯಿ ಎಕ್ಸೀಡ್ ಆದರೆ ಈ ಸೌಲಭ್ಯ ಇಲ್ಲ, ರಜೆ ಇಷ್ಟು ದಿನ ಎಕ್ಸೀಡ್ ಆದರೆ ಕಡಿತ. ರವಿವಾರ ಇಲ್ಲಿಗೆ ಬಂದರೆ ಇಲ್ಲಿಯೂ ಅದೇ. ಪತ್ರಿಕೆ ಓದುವ ಮೇಜಿನ ತುದಿಯಲ್ಲಿ ಯಾರಾದರೊಬ್ಬರು ಮಡಚಿದ ಕಾಗದ ಹಿಡಿದು ನಿಂತು, “ಅಣ್ಣಾ, ಇದರಲ್ಲಿ ಏನು ಬರೆದಿದೆ ಸ್ವಲ್ಪ ಹೇಳಿ” ಎನ್ನುತ್ತಾರೆ. ಓದುವುದು ಸುಲಭ. ಹೇಳುವಾಗಲೇ ನಾಲಗೆ ತಡೆಯುವುದು.

ಯಾಕೆ ತಡೆಯುತ್ತದೆ? ಮೊದಲು ನಮ್ಮ ಭಾಷೆ ಹೋಲಿಕೆಯನ್ನು ಹೇಗೆ ಮಾಡುತ್ತದೆ ನೋಡೋಣ. ಇಂಗ್ಲಿಷಿನವನು ಗುಣವಾಚಕವನ್ನೇ ಎಳೆದು ಉದ್ದ ಮಾಡುತ್ತಾನೆ: ಟಾಲ್, ಟಾಲರ್, ಟಾಲೆಸ್ಟ್. ಸಂಸ್ಕೃತಕ್ಕೂ ‘ತರ’ ‘ತಮ’ ಎಂಬ ಆ ಅಭ್ಯಾಸ ಉಂಟು. ಕನ್ನಡ ಗುಣವಾಚಕವನ್ನು ಮುಟ್ಟುವುದೇ ಇಲ್ಲ. ರಾಮನಿಗಿಂತ ಭೀಮ ಎತ್ತರ, ಎಲ್ಲರಿಗಿಂತ ಭೀಮ ಎತ್ತರ. ‘ಎತ್ತರ’ ಇದ್ದ ಹಾಗೆಯೇ ಇದೆ. ಭಾರವನ್ನೆಲ್ಲ ಹೊತ್ತದ್ದು ‘ಗೆ’ ‘ಕ್ಕೆ’ಗಳ ಬೆನ್ನಿಗೆ ಅಂಟಿಕೊಂಡ ‘ಇಂತ’ ಎಂಬ ಆ ಚಿಕ್ಕ ಮಾತು. ಸಂಸ್ಕೃತದಿಂದ ತಂದುಕೊಂಡ ‘ಉತ್ತಮ’ದಲ್ಲಿ ಎಲ್ಲಕ್ಕಿಂತ ಮೇಲಿನದು ಎಂಬ ‘ತಮ’ ಆಗಲೇ ಇದೆ. ನಾವು ಅದನ್ನು ಲೆಕ್ಕಕ್ಕೆ ಹಿಡಿಯದೆ ‘ಅದಕ್ಕಿಂತ ಇದು ಉತ್ತಮ’ ಎನ್ನುತ್ತೇವೆ, ಅದೂ ಸಾಲದೆ ‘ಅತ್ಯುತ್ತಮ’ ಎನ್ನುತ್ತೇವೆ. ತಪ್ಪೇನಿಲ್ಲ. ಮನೆಗೆ ಬಂದ ಸೊಸೆ ಮನೆಯ ರೀತಿಗೆ ಹೊಂದಿಕೊಂಡಳು, ಅಷ್ಟೆ.

ಚಾಳಿನ ನಲ್ಲಿಯ ಮುಂದೆ ನಿಂತು ಕಿವಿಗೊಟ್ಟರೆ ನಮ್ಮ ನೆರೆಹೊರೆಯವರೂ ಇದೇ ದಾರಿಯವರೆಂದು ತಿಳಿಯುತ್ತದೆ. ವಿಜಾಪುರದ ಕಡೆಯವರು ‘ಅವನಕಿಂತ ಇವ ಶ್ಯಾಣ್ಯಾ’ ಎನ್ನುತ್ತಾರೆ. ಮರಾಠಿಯವರ ‘ಪೇಕ್ಷಾ’ ಸಂಸ್ಕೃತದ ಅಪೇಕ್ಷೆಯಿಂದ ಬಂದದ್ದು. ಹಿಂದಿಯ ‘ಸೇ’ ಮತ್ತು ತುಳುವಿನ ‘ಡ್ದ್’ ಎರಡೂ ನಮ್ಮ ‘ಇಂದ’ದ ಕೆಲಸ ಮಾಡುವ ಪ್ರತ್ಯಯಗಳು, ಹೋಲಿಕೆಗೂ ಅವೇ ಸಾಕು. ತಮಿಳರು ‘ವಿಡ’ ಎನ್ನುತ್ತಾರೆ. ಅದು ನಮ್ಮ ‘ಬಿಡು’ವಿನ ಒಡಹುಟ್ಟು, ಅವನನ್ನು ಅತ್ತ ಬಿಟ್ಟು ನೋಡಿದರೆ ಇವನು ಎತ್ತರ ಎಂಬ ಹಾಗೆ. ಹೀಗೆ ಇಲ್ಲೆಲ್ಲ ಹೋಲಿಕೆ ನಾಮಪದದ ಪಕ್ಕದಲ್ಲಿ ಕೂರುತ್ತದೆ. ಇಂಗ್ಲಿಷಿನಲ್ಲಿ ಅದನ್ನು ಕ್ರಿಯಾಪದದ ಹೊಟ್ಟೆಯೊಳಗೂ ತುರುಕಬಹುದು. ಔಟ್‌ನಂಬರ್, ಔಟ್‌ಲಿವ್, ಔಟ್‌ರನ್, ಔಟ್‌ವೇ. ತಲೆಗೆ ‘ಔಟ್’ ಎಂದು ಕಟ್ಟಿದರೆ ಸಾಕು, ಬದುಕುವುದೂ ಪೈಪೋಟಿ, ಎಣಿಸುವುದೂ ಪೈಪೋಟಿ. ಎಕ್ಸೀಡ್ ಈ ಬಳಗದ ಯಜಮಾನ. ಲ್ಯಾಟಿನ್ ಭಾಷೆಯಿಂದ ಬಂದವನು. ಹೊರಗೆ ನಡೆ, ದಾಟಿ ನಡೆ ಎಂಬುದು ಮೂಲಾರ್ಥ.

ದಾಟಿ ನಡೆ ಎಂದೊಡನೆ ನಮಗೆ ಹೊಳೆಯುವುದು ‘ಮೀರು’. ಒಳ್ಳೆಯ ಅಚ್ಚಗನ್ನಡ ಕ್ರಿಯಾಪದ. ಆದರೆ ಅದರ ನಡತೆಯನ್ನು ಸ್ವಲ್ಪ ವಿಚಾರಿಸಬೇಕು. ಗಡಿ ಮೀರಿದ, ಮಿತಿ ಮೀರಿದ, ಅಪ್ಪನ ಮಾತು ಮೀರಿದ. ಪರಿಸ್ಥಿತಿ ಕೈ ಮೀರಿತು, ಔಷಧದ ಅವಧಿ ಮೀರಿತು. ಎಲ್ಲಿ ನೋಡಿದರೂ ಅಲ್ಲೊಂದು ಬೇಲಿ ಇದೆ, ಬೇಲಿ ದಾಟಿದ ಅಪವಾದವೂ ಇದೆ. ಹೊಗಳಬೇಕಾದರೆ ಕನ್ನಡಿಗ ಅದಕ್ಕೊಂದು ‘ಇಸು’ ಸೇರಿಸುತ್ತಾನೆ: ಗುರುವನ್ನು ಮೀರಿಸಿದ ಶಿಷ್ಯ. ಗುರುವನ್ನು ಮೀರಿದ ಶಿಷ್ಯನಿಗೆ ಛಡಿಯೇಟು, ಮೀರಿಸಿದ ಶಿಷ್ಯನಿಗೆ ಶಾಲು. ಇಂಗ್ಲಿಷಿಗೆ ಈ ಭೇದವಿಲ್ಲ. ಸಾಹೇಬರು ತಮ್ಮ ಅಧಿಕಾರವನ್ನು ಎಕ್ಸೀಡ್ ಮಾಡಿದರು ಎಂದರೆ ದೂರು. ಉತ್ಪಾದನೆ ಗುರಿಯನ್ನು ಎಕ್ಸೀಡ್ ಮಾಡಿತು ಎಂದರೆ ಸಿಹಿ ಹಂಚಿಕೆ. ಒಂದು ಕಾರಖಾನೆಯಲ್ಲಿ ಕೆಲಸಗಾರರನ್ನು ಮೆಚ್ಚಿ ಅಂಟಿಸಿದ್ದ ಚೀಟಿಯ ಕನ್ನಡದಲ್ಲಿ ‘ನಿಗದಿಯನ್ನು ಮೀರಿದವರು’ ಎಂದು ಹೆಸರುಗಳ ಪಟ್ಟಿ ಇತ್ತು. ಪಟ್ಟಿಯಲ್ಲಿದ್ದ ನಮ್ಮವರೊಬ್ಬರು ಮಧ್ಯಾಹ್ನದ ಡಬ್ಬಿ ಬಿಚ್ಚದೆ ಬಂದು, “ನಾನೇನು ಮೀರಿದೆ ಮಾರಾಯರೆ, ಪಾಳಿ ತಪ್ಪಿಸಿದವನಲ್ಲ” ಎಂದು ಕೇಳಿದರು. ‘ನಿಗದಿಗಿಂತ ಹೆಚ್ಚು ಕೆಲಸ ಮಾಡಿದವರು’ ಎಂದಿದ್ದರೆ ಅವರು ಊಟ ಮಾಡುತ್ತಿದ್ದರು.

ಈ ತೊಡಕು ನಮಗೊಬ್ಬರಿಗೇ ಇದೆಯೆ ಎಂದು ನನಗೆ ಕುತೂಹಲವಿತ್ತು. ದೂರದ ಒಂದು ಭಾಷೆಯನ್ನು ನೋಡೋಣವೆಂದು ಪೋಲಿಷ್ ಭಾಷೆಯನ್ನು ಹಿಡಿದೆ. ಪೋಲೆಂಡಿನವರು ನಮಗೆ ತೀರ ಅಪರಿಚಿತರೂ ಅಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಿಂದ 1948ರವರೆಗೆ, ಕೊಲ್ಲಾಪುರದ ಹತ್ತಿರ ವಳಿವಡೆ ಎಂಬಲ್ಲಿ ಸುಮಾರು ಐದು ಸಾವಿರ ಪೋಲಿಷ್ ನಿರಾಶ್ರಿತರು ಬಿಡಾರ ಹೂಡಿದ್ದರು. ಅವರ ಭಾಷೆಯಲ್ಲಿ ಗುಣವಾಚಕ ಇಂಗ್ಲಿಷಿನ ಹಾಗೆಯೇ ರೂಪ ಬದಲಿಸುತ್ತದೆ. ಅಷ್ಟಿದ್ದರೂ ಎಕ್ಸೀಡ್ ಬಂದಾಗ ಅವರೂ ನಿಂತು ಯೋಚಿಸಬೇಕು. ಗಡಿ, ಮಿತಿ, ಮೋಟಾರಿನ ವೇಗ ಇಂಥವಕ್ಕೆ ಅವರಲ್ಲಿ ‘ದಾಟು’ ಎಂಬರ್ಥದ ಒಂದು ಕ್ರಿಯಾಪದ. ಗುಣದಲ್ಲಿ, ಪ್ರಮಾಣದಲ್ಲಿ ಮಿಗಿಲಾಗುವುದಕ್ಕೆ ‘ಹೆಚ್ಚು ಎತ್ತರದ’ ಎಂಬ ಮಾತಿನಿಂದಲೇ ಹುಟ್ಟಿದ ಇನ್ನೊಂದು. ಔಟ್‌ನಂಬರಿಗೆ ಅವರಲ್ಲಿಯೂ ಒಂಟಿ ಪದವಿಲ್ಲ, ಸಂಖ್ಯೆಯಲ್ಲಿ ಮೇಲಾಗು ಎಂದು ಎರಡು ಪದದಲ್ಲಿ ಹೇಳುತ್ತಾರೆ. ಅಂದರೆ ಅನುವಾದ ಮಾಡುವವನು ಅಲ್ಲಿಯೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ: ಇಲ್ಲಿ ಬೇಲಿ ಇದೆಯೋ, ಬರಿಯ ಅಳತೆ ಇದೆಯೋ?

ಬೇಲಿ ಇದ್ದರೆ ‘ಮೀರು’ ಎನ್ನಿ. ಬರಿಯ ಅಳತೆಯಾದರೆ ‘ಗಿಂತ ಹೆಚ್ಚು’ ಎನ್ನಿ. ಪತ್ರಿಕೆಗಳಲ್ಲಿ ‘ಸಾವಿರಕ್ಕೂ ಮಿಕ್ಕಿ ಜನ’ ಎಂದು ಬರುತ್ತದಲ್ಲ, ಅದೂ ಸೊಗಸಾದ ಮಾತು. ಪಾತ್ರೆ ತುಂಬಿ ಇನ್ನೂ ಉಳಿದದ್ದು ಎಂಬ ಭಾವ, ಯಾರ ಮೇಲೂ ಅಪವಾದವಿಲ್ಲ. ‘ಜಾಸ್ತಿ’ ಎನ್ನಬಾರದೆಂದು ಕೆಲವರ ಹಟ. ಸಾಂತಾಕ್ರೂಜದಿಂದ ಡೊಂಬಿವಲಿಯವರೆಗೆ ನಮ್ಮವರೆಲ್ಲರ ಬಾಯಲ್ಲಿರುವ ಮಾತನ್ನು ಯಾಕೆ ಓಡಿಸಬೇಕೋ ನನಗೆ ತಿಳಿಯದು. ‘ಹೆಚ್ಚು’ ಎಂದರೆ ಹೋಟೆಲಿನ ಅಡಿಗೆಮನೆಯ ಹುಡುಗನಿಗೆ ಈರುಳ್ಳಿಯ ನೆನಪೂ ಬರಬಹುದು! ಇಂಥ ಸಂಗತಿಗಳನ್ನು ವಿಚಾರಿಸಿ ಬರೆಯಲು ನಮಗೊಬ್ಬ ಹಿರಿಯರಿದ್ದರು, ‘ಪ್ರಜಾವಾಣಿ’ಯ ‘ಇಗೋ ಕನ್ನಡ’ದ ಜಿ. ವೆಂಕಟಸುಬ್ಬಯ್ಯನವರು. 2021ರಲ್ಲಿ, 107ನೆಯ ವಯಸ್ಸಿನಲ್ಲಿ, ಅವರೂ ಹೋದರು.

ಈಗ ನನಗೆ ಮುಖ್ಯವೆನಿಸಿದ ಮಾತಿಗೆ ಬರುತ್ತೇನೆ. ಎಕ್ಸೀಡ್ ನಮ್ಮ ಕಾಗದಗಳಲ್ಲಿ ಬರುವುದು ಬಹಳ ಮಟ್ಟಿಗೆ ‘ನಾಟ್’ ಜೊತೆಗೆ. ‘ನಾಟ್ ಎಕ್ಸೀಡಿಂಗ್’. ಇದನ್ನು ಜನ ಥಟ್ಟನೆ ‘ಕಡಿಮೆ’ ಎಂದುಬಿಡುತ್ತಾರೆ. ಅದು ಕಡಿಮೆ ಅಲ್ಲ! ಇ.ಎಸ್.ಐ.ಯ ಉದಾಹರಣೆ ತೆಗೆದುಕೊಳ್ಳಿ. ಅದರ ಸಂಬಳದ ಮಿತಿ ಮೊದಲು 15,000 ರೂಪಾಯಿ ಇದ್ದದ್ದು 2017ರ ಜನವರಿ 1ರಿಂದ 21,000ಕ್ಕೆ ಏರಿತು. ತಿಂಗಳ ಸಂಬಳ 21,000 ರೂಪಾಯಿಯನ್ನು ಎಕ್ಸೀಡ್ ಮಾಡದವರು ಅದರ ವ್ಯಾಪ್ತಿಗೆ ಬರುತ್ತಾರೆಂದು ಆ ನಿಯಮದ ಅರ್ಥ. 20,999 ಇರುವವನು ಒಳಗೆ, 21,001 ಇರುವವನು ಹೊರಗೆ, ಇದರಲ್ಲಿ ಯಾರಿಗೂ ಸಂದೇಹವಿಲ್ಲ. ಸರಿಯಾಗಿ 21,000 ಇರುವವನು? ಅವನು ಗೆರೆಯ ಮೇಲೆ ನಿಂತಿದ್ದಾನೆ, ಗೆರೆ ದಾಟಿಲ್ಲ. ಅವನೂ ಒಳಗೆ. ‘21,000ಕ್ಕಿಂತ ಕಡಿಮೆ ಸಂಬಳದವರಿಗೆ’ ಎಂದು ಕನ್ನಡ ಮಾಡಿದಿರೋ, ಅವನನ್ನು ಹೊರಗೆ ತಳ್ಳಿದಿರಿ. ಕಾಯಿದೆ ತಳ್ಳಲಿಲ್ಲ, ಅನುವಾದ ತಳ್ಳಿತು. ಇದು ಬಾಯಿಮಾತಿನ ಲೆಕ್ಕವಲ್ಲ. ನಾನು ಬಲ್ಲ ಒಬ್ಬರಿಗೆ ಬಡ್ತಿ ಸಿಕ್ಕಿ ಸಂಬಳ ಸರಿಯಾಗಿ ಆ ಅಂಕಿಗೆ ಬಂದು ನಿಂತಿತು. ಅವರು ಕೆಲಸ ಮಾಡುವಲ್ಲಿ ಯಾರೋ ಬರೆದ ಕನ್ನಡ ಚೀಟಿಯಲ್ಲಿ ‘ಕಡಿಮೆ’ ಎಂದಿತ್ತು. ತಾನಿನ್ನು ಅದರಲ್ಲಿಲ್ಲ ಎಂದೇ ತಿಳಿದು, ಹೆಂಡತಿಯ ಹೆರಿಗೆಗೆ ಖಾಸಗಿ ಆಸ್ಪತ್ರೆಗೆ ಹೋಗಿ, ಊರಿನಲ್ಲಿ ಬಂಗಾರ ಅಡವಿಟ್ಟು ಬಿಲ್ಲು ಕಟ್ಟಿದರು. ಅವರ ಸಂಬಳದ ಚೀಟಿಯಲ್ಲಿ ಇ.ಎಸ್.ಐ. ವಂತಿಗೆ ಮಾತ್ರ ತಿಂಗಳು ತಿಂಗಳಿಗೆ ಕಡಿತವಾಗುತ್ತಲೇ ಇತ್ತು.

ಹಾಗಾದರೆ ‘ನಾಟ್ ಎಕ್ಸೀಡಿಂಗ್’ಗೆ ಏನನ್ನಬೇಕು? ‘21,000ದೊಳಗೆ’ ಎಂದರೆ ಮತ್ತೆ ಅದೇ ಜಗಳ. ಒಳಗೆ ಎಂದರೆ ಗೆರೆಯೂ ಸೇರಿತೆ, ಇಲ್ಲವೆ? ‘21,000 ಮೀರದ’ ಎಂದರೆ ಸರಿ, ಆದರೆ ಕೇಳುವವರು ಒಂದು ಕ್ಷಣ ತಡೆದು ಯೋಚಿಸುತ್ತಾರೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಸುಲಭದ ಮಾತು ‘ವರೆಗೆ’. 21,000 ರೂಪಾಯಿಯವರೆಗೆ ಸಂಬಳ ಇರುವವರು. ಕುರ್ಲಾವರೆಗೆ ಟಿಕೇಟು ತೆಗೆದವನು ಕುರ್ಲಾದಲ್ಲಿ ಇಳಿಯಬಹುದು, ಇದನ್ನು ಯಾರಿಗೂ ವಿವರಿಸಬೇಕಾಗಿಲ್ಲ.

ಇದರ ತಿರುಗುಮುರುಗು ‘ನಾಟ್ ಲೆಸ್ ದ್ಯಾನ್’. ಇಲ್ಲಿ ಕನ್ನಡ ತಾನಾಗಿಯೇ ಒಂದು ಉಪಾಯ ಮಾಡಿಟ್ಟಿದೆ, ಇಂಗ್ಲಿಷಿನವರು ನೋಡಿ ಅಸೂಯೆಪಡಬೇಕು. ಆ ಉಪಾಯ ‘ತುಂಬು’. ಮತದಾನದ ವಯಸ್ಸು 1989ರಲ್ಲಿ 21ರಿಂದ 18ಕ್ಕೆ ಇಳಿಯಿತು. ಸಂವಿಧಾನದ ಮಾತು ಹದಿನೆಂಟಕ್ಕೆ ಕಡಿಮೆಯಲ್ಲದ ವಯಸ್ಸಿನವರು ಎಂಬರ್ಥದ್ದು, ಎರಡು ನಿಷೇಧ ಸೇರಿಸಿ ಹೆಣೆದದ್ದು. ನಮ್ಮ ಅಜ್ಜಿಯರು ‘ಹದಿನೆಂಟು ತುಂಬಿದವರು’ ಎನ್ನುತ್ತಾರೆ. ಮುಗಿಯಿತು. ‘ಹದಿನೆಂಟು ಮೇಲ್ಪಟ್ಟವರು’ ಎಂದರೆ ನಿನ್ನೆಯಷ್ಟೇ ಹದಿನೆಂಟಾದ ಹುಡುಗಿ ಬಾಗಿಲಲ್ಲಿ ಅನುಮಾನಿಸಿ ನಿಲ್ಲುತ್ತಾಳೆ. ತುಂಬಿದವರು ಎಂದರೆ ನೇರ ಒಳಗೆ ಬರುತ್ತಾಳೆ. ರೈಲಿನ ಅರ್ಧ ಟಿಕೇಟೂ ಹಾಗೆಯೇ, ಐದು ತುಂಬಿದ, ಹನ್ನೆರಡು ತುಂಬದ ಮಕ್ಕಳಿಗೆ. ಕಾಯಿದೆಯ ಅರ್ಧ ಪುಟವನ್ನು ನಮ್ಮ ‘ತುಂಬು’ ಎರಡು ಮಾತಿನಲ್ಲಿ ಹೇಳಿಬಿಡುತ್ತದೆ.

ಗ್ರಾಚ್ಯುಯಿಟಿಯ ವಿಷಯದಲ್ಲಿ ಇವೆರಡೂ ಒಟ್ಟಿಗೆ ಬರುತ್ತವೆ. 1972ರ ಗ್ರಾಚ್ಯುಯಿಟಿ ಕಾಯಿದೆಯಲ್ಲಿ ಸಾಮಾನ್ಯವಾಗಿ ಐದು ವರ್ಷಕ್ಕೆ ಕಡಿಮೆಯಿಲ್ಲದ ಸೇವೆ ಬೇಕಿತ್ತು, ಅಂದರೆ ಐದು ತುಂಬಬೇಕು. ಆಮೇಲೆ, ಪೂರ್ತಿಯಾದ ಪ್ರತಿ ವರ್ಷಕ್ಕೂ, ‘ಆರು ತಿಂಗಳ ಎಕ್ಸೆಸ್’ ಆದ ಭಾಗಕ್ಕೂ ಹದಿನೈದು ದಿನದ ಸಂಬಳ ಎಂದಿತ್ತು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಈ ಕಾಯಿದೆಯೂ ಅವುಗಳಲ್ಲಿ ಒಂದರೊಳಗೆ ಸೇರಿತು; ಆರು ತಿಂಗಳ ಮಾತು ಅಲ್ಲಿಯೂ ಉಳಿದಿದೆ. ಈ ‘ಎಕ್ಸೆಸ್’ ಎಕ್ಸೀಡಿನ ಮಗ. ಇದನ್ನು ಒಂದು ಕಡೆ ‘ಆರು ತಿಂಗಳ ಹೆಚ್ಚುವರಿ ಸೇವೆಯ ಭಾಗ’ ಎಂದು ಕನ್ನಡ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಓದಿದವನಿಗೆ, ಎಲ್ಲ ಮುಗಿದ ಮೇಲೆ ಇನ್ನೂ ಆರು ತಿಂಗಳು ಹೆಚ್ಚಿಗೆ ದುಡಿಯಬೇಕೇನೋ ಎಂದು ತೋರುತ್ತದೆ.

ಲೆಕ್ಕ ಹಾಕಿ ನೋಡೋಣ. ಒಬ್ಬರ ಕೊನೆಯ ಸಂಬಳ ತಿಂಗಳಿಗೆ 13,000 ರೂಪಾಯಿ. ತಿಂಗಳಿಗೆ 26 ದಿನವೆಂದು ಹಿಡಿದು ಹದಿನೈದು ದಿನದ್ದು 7,500 ರೂಪಾಯಿ. ಸೇವೆ 19 ವರ್ಷ 7 ತಿಂಗಳು. ಉಳಿದ ಏಳು ತಿಂಗಳು ಆರಕ್ಕಿಂತ ಹೆಚ್ಚು, ಆದ್ದರಿಂದ ಅದೂ ಒಂದು ವರ್ಷ; ಇಪ್ಪತ್ತು ವರ್ಷದ್ದು 1,50,000 ರೂಪಾಯಿ. ಹತ್ತೊಂಬತ್ತೇ ಎಂದು ಹಿಡಿದರೆ 1,42,500. ಒಂದು ಪದ ತಪ್ಪಾಗಿ ಅರ್ಥವಾದದ್ದಕ್ಕೆ ಏಳೂವರೆ ಸಾವಿರ ಹೋಯಿತು. ಇನ್ನು ಸೇವೆ 19 ವರ್ಷ ಸರಿಯಾಗಿ 6 ತಿಂಗಳು ಎಂದಿದ್ದರೆ? ಆಗ ‘ಹೆಚ್ಚು’ ಆಗಲಿಲ್ಲ, ಗೆರೆಯ ಮೇಲೇ ನಿಂತಿತು, ಸಿಗುವುದಿಲ್ಲ. ಇ.ಎಸ್.ಐ.ಯಲ್ಲಿ ಗೆರೆಯ ಮೇಲೆ ನಿಂತವನಿಗೆ ಲಾಭ, ಇಲ್ಲಿ ನಷ್ಟ. ಆದ್ದರಿಂದ ರಾಜೀನಾಮೆಯ ತಾರೀಖು ಬರೆಯುವ ಮೊದಲು ಸೇರಿದ ತಾರೀಖನ್ನು ಒಮ್ಮೆ ತೆಗೆದು ನೋಡಿಕೊಳ್ಳಿ. ನಾನು ಈಚೆಗೆ ಇದನ್ನು ಹೀಗೆ ಬರೆದುಕೊಡುತ್ತೇನೆ: ‘ಪೂರ್ತಿಯಾದ ವರ್ಷಗಳನ್ನು ಎಣಿಸಿ. ಕೊನೆಗೆ ಉಳಿದ ದಿನಗಳು ಆರು ತಿಂಗಳಿಗಿಂತ ಹೆಚ್ಚಿದ್ದರೆ ಅದನ್ನೂ ಒಂದು ವರ್ಷವೆಂದು ಸೇರಿಸಿ.’ ಇಂಗ್ಲಿಷಿನ ಒಂದು ವಾಕ್ಯ ಕನ್ನಡದಲ್ಲಿ ಎರಡಾಯಿತು. ಆಗಲಿ, ಶಾಯಿ ತಾನೆ ಖರ್ಚು.

ಓವರ್‌ಟೈಮಿನ ಬಗ್ಗೆ ಒಂದೇ ಮಾತು. 1948ರ ಕಾರಖಾನೆ ಕಾಯಿದೆಯ ಪ್ರಕಾರ ದಿನಕ್ಕೆ 9 ತಾಸಿಗಿಂತ, ಇಲ್ಲವೆ ವಾರಕ್ಕೆ 48 ತಾಸಿಗಿಂತ ಹೆಚ್ಚು ದುಡಿದರೆ ಹೆಚ್ಚಿನ ತಾಸುಗಳಿಗೆ ಎರಡರಷ್ಟು ದರ ಕೊಡಬೇಕಾಗಿತ್ತು. ಇದನ್ನು ‘ಎರಡು ಪಟ್ಟು ಹೆಚ್ಚು’ ಎಂದು ಬರೆಯಬೇಡಿ. ತಾಸಿಗೆ 80 ರೂಪಾಯಿ ಇದ್ದರೆ ಎರಡು ಪಟ್ಟು 160. ಎರಡು ಪಟ್ಟು ಹೆಚ್ಚು ಎಂದರೆ 240 ಎಂದು ವಾದಿಸುವವರು ನಮ್ಮಲ್ಲೇ ಇದ್ದಾರೆ, ವಾದ ತೆಗೆದುಹಾಕುವಂತೆಯೂ ಇಲ್ಲ. ‘ಎರಡರಷ್ಟು’ ಎಂದರೆ ಜಗಳವಿಲ್ಲ.

ಔಟ್‌ನಂಬರಿಗೂ ಒಂದು ಉದಾಹರಣೆ ಕೊಡುತ್ತೇನೆ. 2011ರ ಜನಗಣತಿಯಲ್ಲಿ ಮುಂಬಯಿ ನಗರ ಜಿಲ್ಲೆಯಲ್ಲಿ 1000 ಗಂಡಸರಿಗೆ 832 ಹೆಂಗಸರು, ಉಪನಗರ ಜಿಲ್ಲೆಯಲ್ಲಿ 860. ಇಂಗ್ಲಿಷಿನಲ್ಲಿ ಮೆನ್ ಔಟ್‌ನಂಬರ್ ವಿಮೆನ್ ಎಂದರೆ ಮುಗಿಯಿತು. ‘ಪುರುಷರು ಸ್ತ್ರೀಯರನ್ನು ಸಂಖ್ಯೆಯಲ್ಲಿ ಮೀರಿಸಿದ್ದಾರೆ’ ಎಂದು ಅದನ್ನು ಕನ್ನಡ ಮಾಡಿದರೆ, ಆಜಾದ ಮೈದಾನದಲ್ಲಿ ಪಂದ್ಯ ಗೆದ್ದು ಕಪ್ಪು ಹೊತ್ತುಕೊಂಡು ಬಂದ ಹಾಗಾಗುತ್ತದೆ. ‘ಮುಂಬಯಿಯಲ್ಲಿ ಹೆಂಗಸರಿಗಿಂತ ಗಂಡಸರು ಹೆಚ್ಚು.’ ಇಷ್ಟೇ ಸಾಕು. ಯಾಕೆ ಹೆಚ್ಚು ಎಂಬುದು ಈ ಕೋಣೆಯಲ್ಲಿ ಕುಳಿತವರಿಗೆ ಗೊತ್ತೇ ಇದೆ. ನಮ್ಮಲ್ಲಿ ಅರ್ಧ ಜನರ ಸಂಸಾರ ಊರಿನಲ್ಲಿದೆ.

ಕೊನೆಯದಾಗಿ ಒಂದು ಪದ, ಹೇಳಲು ಸ್ವಲ್ಪ ಸಂಕೋಚದ್ದು. ಔಟ್‌ಲಿವ್ ಎಂದರೆ ಒಬ್ಬರು ಹೋದ ಮೇಲೂ ಬದುಕಿರುವುದು. ಅದರ ತಿರುಗುಮುರುಗು ಪ್ರಿಡಿಸೀಸ್, ಇನ್ನೊಬ್ಬರಿಗಿಂತ ಮೊದಲು ತೀರಿಕೊಳ್ಳುವುದು. ನಾಮಿನಿಯ ಹೆಸರು ಕೇಳುವ ಫಾರಮುಗಳಲ್ಲಿ ಈ ಪದ ಬರುತ್ತದೆ: ನಾಮಿನಿ ಪ್ರಿಡಿಸೀಸ್ ಆದರೆ ಹಣ ಯಾರಿಗೆ? ‘ಪೂರ್ವಮೃತ’ ಎಂದು ಇದನ್ನು ಕನ್ನಡ ಮಾಡಬಹುದು. ಫಾರಮು ತುಂಬುವವನಿಗೆ ಅದು ಅರ್ಥವಾಗುವುದಿಲ್ಲ, ಅರ್ಥವಾದರೆ ಭಯವಾಗುತ್ತದೆ. ಇನ್ನು ‘ನಿಮ್ಮ ಹೆಂಡತಿ ನಿಮಗಿಂತ ಮೊದಲು ಸತ್ತರೆ’ ಎಂದು ಎದುರಿಗೆ ಕುಳಿತವರ ಮುಖ ನೋಡಿ ಕೇಳುವುದು ಹೇಗೆ? ಹಾಗೆ ಕೇಳಿದರೆ ಕೆಲವರು ಪೆನ್ನು ಕೆಳಗಿಟ್ಟು ಎದ್ದುಬಿಡುತ್ತಾರೆ. ಹೀಗಾಗಿ ಆ ಕಾಲಮನ್ನು ಖಾಲಿ ಬಿಟ್ಟವರು ನಮ್ಮಲ್ಲಿ ಬಹಳ. ಹೆಂಡತಿಯೂ ಹೋಗಿ ಇವರೂ ಹೋದ ಮೇಲೆ, ಕಲಬುರ್ಗಿಯಿಂದಲೋ ಕಾರ್ಕಳದಿಂದಲೋ ಮಕ್ಕಳು ಬಂದು ವಾರಸುದಾರಿಕೆಯ ಕಾಗದಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ.

ನಾನು ಈಗ ಕೇಳುವ ರೀತಿ ಬೇರೆ. “ಮೊದಲು ಮನೆಯವರ ಹೆಸರು ಹೇಳಿದಿರಿ, ಅವರ ನಂತರ ಯಾರ ಹೆಸರು ಹಾಕೋಣ?” ಅಷ್ಟೆ. ‘ಮೊದಲು’ ಮತ್ತು ‘ನಂತರ’, ಇವೂ ಹೋಲಿಕೆಯ ಮಾತುಗಳೇ. ಪ್ರಿಡಿಸೀಸಿನ ಕೆಲಸ ಪೂರ್ತಿ ನಡೆಯುತ್ತದೆ, ಸಾವಿನ ಹೆಸರು ಎತ್ತಬೇಕಾಗಿಲ್ಲ. ಇದುವರೆಗೆ ಈ ಪ್ರಶ್ನೆಗೆ ಯಾರೂ ಎದ್ದು ಹೋಗಿಲ್ಲ. ಮಗಳ ಹೆಸರನ್ನೋ ತಮ್ಮನ ಹೆಸರನ್ನೋ ಹೇಳುತ್ತಾರೆ, ಕಾಗುಣಿತ ಸರಿ ಇದೆಯೆ ಎಂದು ಬಗ್ಗಿ ನೋಡುತ್ತಾರೆ. ಆ ಕಾಲಮ್ ಖಾಲಿ ಇರುವ ಫಾರಮಿನ ನಕಲು ಯಾರ ಹತ್ತಿರವಾದರೂ ಇದ್ದರೆ ಮುಂದಿನ ರವಿವಾರ ಬೆಳಿಗ್ಗೆ ಹತ್ತು ಗಂಟೆಗೆ ತನ್ನಿ. ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತಿರುತ್ತೇನೆ.